ಅಳಿವೆ ಬಾಯಿಯ ಹಕ್ಕಿಗಳು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಿಂದ ಕೆಮ್ಮಣ್ಣು, ಹೂಡೆ ದಾಟಿ ಬಡಗು ದಿಕ್ಕಿಗೆ ಹೋದರೆ ರಸ್ತೆ ಕೋಡಿಬೆಂಗ್ರೆಯಲ್ಲಿ ಮುಗಿಯುತ್ತದೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಒಂದು ಪಟ್ಟಿ ಮರಳು. ಸುವರ್ಣಾ, ಸೀತಾ ಹೊಳೆಗಳು ಕಡಲು ಸೇರುವ ಅಳಿವೆ ಇದೇ. ಚಳಿಗಾಲದಲ್ಲಿ ವಲಸೆ ಬರುವ ದಡದ ಸಣ್ಣ ಹಕ್ಕಿಗಳನ್ನು ನೋಡಲು ಈ ಮರಳಿನ ಮೇಲೆ ದುರ್ಬೀನು ಹಿಡಿದು ಕೂತರೆ ಪಕ್ಕಕ್ಕೆ ಯಾರಾದರೂ ಬಂದೇ ಬರುತ್ತಾರೆ. ಬಲೆ ಹೆಣೆಯುವವರು, ಬೆಂಗಳೂರಿನಿಂದ ಬಂದ ಸಂಸಾರಗಳು, ಶಾಲೆ ಮಕ್ಕಳು, ಕೆಲವೊಮ್ಮೆ ಪೊಲೀಸರೂ. ಅವರು ಕೇಳಿದ್ದನ್ನು, ಆಮೇಲೆ ಕೆಲವರು ಪತ್ರದಲ್ಲಿ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ.

## ಮೊದಲ ಸಲ ಬಂದವರು ಕೇಳುವುದು

ಏನು ನೋಡ್ತಾ ಇದ್ದೀರಿ? ಇಲ್ಲಿ ಹಕ್ಕಿ ಎಲ್ಲಿದೆ?

ಎಲ್ಲಕ್ಕಿಂತ ಜಾಸ್ತಿ ಕೇಳುವುದು ಇದನ್ನೇ. ಕೇಳಿದವರ ಕಾಲಿನಿಂದ ಇಪ್ಪತ್ತೈದು ಹೆಜ್ಜೆ ದೂರದಲ್ಲಿ ನಲವತ್ತು ಹಕ್ಕಿ ಇರುತ್ತವೆ, ಕಾಣುವುದಿಲ್ಲ ಅಷ್ಟೆ. ಬೆನ್ನು ಪೂರ್ತಿ ಒಣ ಮರಳಿನ ಬಣ್ಣ. ಗಾಳಿ ಜೋರಾದಾಗ ಇವು ನಮ್ಮ ಹೆಜ್ಜೆ ಗುಂಡಿಗಳಲ್ಲಿ, ಬೈಕಿನ ಚಕ್ರ ಹೋದ ಗೀರಿನಲ್ಲಿ ಮೈ ಅಡಗಿಸಿ ಕೂರುತ್ತವೆ. ತಲೆ ಮಾತ್ರ ಮೇಲೆ. ಕೂತು ಐದು ನಿಮಿಷ ಸುಮ್ನೆ ಒಂದೇ ಕಡೆ ನೋಡಿ. ಮೊದಲು ಒಂದು ಗುಂಡಿ ಕಣ್ಣು ಮಿಟುಕಿಸುತ್ತದೆ. ಆಮೇಲೆ ಪಕ್ಕದ್ದು. ಅದಾದ ಮೇಲೆ ಎಲ್ಲ ಕಡೆ ಹಕ್ಕಿಯೇ.

ಇವು ಕೊಕ್ಕರೆ ಮರಿಗಳಾ? ಕನ್ನಡದಲ್ಲಿ ಹೆಸರೇ ಇಲ್ವಾ?

ಕೊಕ್ಕರೆಗೂ ಇವಕ್ಕೂ ಸಂಬಂಧವಿಲ್ಲ. ಮರಿಗಳೂ ಅಲ್ಲ, ಬೆಳೆದರೂ ಇಷ್ಟೇ ಗಾತ್ರ. ನಮ್ಮ ಪುಸ್ತಕಗಳಲ್ಲಿ ಗೊರವ, ಉಲ್ಲಂಕಿ, ಟಿಟ್ಟಿಭ ಎಂಬ ಹೆಸರುಗಳಿವೆ. ಆದರೆ ಒಂದೊಂದು ಜಾತಿಗೂ ಎಲ್ಲರೂ ಒಪ್ಪಿದ ಹೆಸರು ಇನ್ನೂ ಬಂದಿಲ್ಲ. ಹಾಗಾಗಿ ದಡದಲ್ಲಿ ನಾವು ಸ್ಯಾಂಡ್ ಪ್ಲವರ್, ಕೆಂಟಿಷ್ ಪ್ಲವರ್, ಸ್ಯಾಂಡರ್‌ಲಿಂಗ್, ವಿಂಬ್ರೆಲ್ ಎಂದೇ ಹೇಳುತ್ತೇವೆ. ಇಲ್ಲಿಯೂ ಹಾಗೇ ಬರೆದಿದ್ದೇನೆ. ನಿಮ್ಮ ಊರಿನ ಹಿರಿಯರು ಬೇರೆ ಹೆಸರು ಹೇಳಿದರೆ ಬರೆದಿಟ್ಟುಕೊಳ್ಳಿ. ದಡಕ್ಕೆ ಬರುವ ದೊಡ್ಡ ಬಿಳಿ ಹಕ್ಕಿಗಳು ಬೇರೆ, ಅವು ಕಡಲಕಾಗೆಗಳು.

ಯಾವ ತಿಂಗಳು ಬಂದರೆ ಒಳ್ಳೆಯದು?

ನವೆಂಬರ್‌ನಿಂದ ಮಾರ್ಚ್‌ವರೆಗೆ ಕಣ್ಣು ಮುಚ್ಚಿ ಬರಬಹುದು. ನನಗೆ ಇಷ್ಟ ಮಾತ್ರ ಆಗಸ್ಟ್ ಮತ್ತು ಏಪ್ರಿಲ್. ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಮಲ್ಪೆಯಿಂದ ಬೋಟುಗಳು ಹೊರಡುವ ಹೊತ್ತಿಗೆ ಇಲ್ಲಿ ಮೊದಲ ಪ್ಲವರ್‌ಗಳು ಇಳಿದಿರುತ್ತವೆ. ಮಳೆ ಇನ್ನೂ ನಿಂತಿರುವುದಿಲ್ಲ, ಹಕ್ಕಿಗಳ ಎದೆಯಲ್ಲಿ ಮದುವೆ ಕಾಲದ ಇಟ್ಟಿಗೆ ಬಣ್ಣ ಅರ್ಧ ಮಾಸಿರುತ್ತದೆ. ಏಪ್ರಿಲ್‌ನಲ್ಲಿ ಇದರ ಉಲ್ಟಾ. ಚಳಿಗಾಲವಿಡೀ ಬೂದು ಬಣ್ಣದಲ್ಲಿದ್ದ ಹಕ್ಕಿ, ಹೊರಡುವ ಮುಂಚೆ ಎದೆಗೆ ಇಟ್ಟಿಗೆ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ ಹಾಕಿಕೊಳ್ಳುತ್ತದೆ. ಜೂನ್‌ನಲ್ಲಿ ಬಂದರೂ ಕೆಲವು ಸಿಗುತ್ತವೆ. ಮೊದಲ ವರ್ಷದ ಹಕ್ಕಿಗಳಲ್ಲಿ ಕೆಲವು ವಾಪಸ್ ಹೋಗದೆ ಇಲ್ಲೇ ಮಳೆಗಾಲ ಕಳೆಯುತ್ತವೆ.

ಬೆಳಿಗ್ಗೆ ಆರು ಗಂಟೆಗೇ ಬಂದೆ, ಒಂದೂ ಹಕ್ಕಿ ಇರಲಿಲ್ಲ. ಮೋಸ ಹೋದೆನಾ?

ಕಾಡಿನ ಹಕ್ಕಿಗೆ ಸೂರ್ಯ ಗಡಿಯಾರ. ಇವಕ್ಕೆ ಉಬ್ಬರ ಇಳಿತ. ನೀರು ಇಳಿದಾಗ ಹೊಳೆ ಬದಿಯ ಕೆಸರು, ಒದ್ದೆ ಮರಳು ಬಯಲಾಗುತ್ತದೆ. ಹಕ್ಕಿಗಳು ಕಿಲೋಮೀಟರುಗಟ್ಟಲೆ ಚದುರಿ ಮೇಯುತ್ತವೆ, ರಾತ್ರಿಯಾದರೂ ಸರಿ. ನೀರು ಏರಿದಾಗ ಮೇಯುವ ಜಾಗ ಮುಳುಗುತ್ತದೆ. ಆಗ ಎಲ್ಲವೂ ಮರಳು ದಿಬ್ಬದ ತುದಿಗೆ ಬಂದು ಒತ್ತೊತ್ತಾಗಿ ನಿಂತು ನಿದ್ದೆ ಮಾಡುತ್ತವೆ. ನೀವು ಬಂದಾಗ ಪೂರ್ತಿ ಇಳಿತ ಇದ್ದಿರಬೇಕು. ಹಕ್ಕಿಗಳು ಹೊಳೆ ಒಳಗಿನ ಕುದ್ರುಗಳ, ಅಂದರೆ ಸಣ್ಣ ದ್ವೀಪಗಳ ಕಡೆ ಹೋಗಿದ್ದವು.

ಒಳ್ಳೆ ಹೊತ್ತೆಂದರೆ ಉಬ್ಬರ ತುಂಬುವುದಕ್ಕೆ ಎರಡು ಗಂಟೆ ಮೊದಲು. ನೀರು ಹಕ್ಕಿಗಳನ್ನು ನಿಮ್ಮತ್ತ ತಾನೇ ತಳ್ಳಿಕೊಂಡು ಬರುತ್ತದೆ. ದಿನಕ್ಕೆ ಎರಡು ಉಬ್ಬರ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆ ಸುತ್ತಮುತ್ತ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಮೊಬೈಲಿನಲ್ಲಿ ಉಬ್ಬರದ ಪಟ್ಟಿ ಸಿಗುತ್ತದೆ. ಮೊಬೈಲಿಲ್ಲದೆಯೂ ದಡದಲ್ಲಿ ಕೂತ ಯಾವ ಅಜ್ಜನನ್ನು ಕೇಳಿದರೂ ತಿಥಿ ಲೆಕ್ಕ ಹಾಕಿ ಹೇಳುತ್ತಾರೆ. ನನ್ನ ಅನುಭವದಲ್ಲಿ ಅಜ್ಜಂದಿರ ಲೆಕ್ಕ ತಪ್ಪಿದ್ದು ಕಡಿಮೆ.

ದುರ್ಬೀನು ಬೇಕೇ ಬೇಕಾ?

ಇದ್ದರೆ ಒಳ್ಳೆಯದು. 8x42 ಎಂದು ಬರೆದಿರುವ ಸಾಧಾರಣ ದುರ್ಬೀನು ಸಾಕು. ಇಲ್ಲದಿದ್ದರೆ ಕೂರುವ ತಾಳ್ಮೆ ತನ್ನಿ. ಕೂತವರ ಹತ್ತಿರಕ್ಕೆ ಹಕ್ಕಿ ತಾನಾಗಿ ಬರುತ್ತದೆ, ನಿಂತವರ ಹತ್ತಿರ ಬರುವುದಿಲ್ಲ. ದುರ್ಬೀನನ್ನು ಮರಳಿನ ಮೇಲೆ ಇಡಬೇಡಿ. ಉಪ್ಪುಗಾಳಿ, ಮರಳು ಸೇರಿ ಫೋಕಸ್ ತಿರುಗಣೆ ಕರಕರ ಅನ್ನಲು ಶುರುವಾದರೆ ಅದರ ಆಯಸ್ಸು ಮುಗಿದ ಹಾಗೆ. ನನ್ನದು ಒಂದು ಹೋಗಿದೆ.

ಒಂದು ಹಕ್ಕಿಗೆ ಒಂದೇ ಕಾಲು, ಪಾಪ ಕುಂಟುತ್ತಿತ್ತು. ಏನಾದ್ರೂ ಮಾಡಬಹುದಾ?

ಹೆಚ್ಚಿನ ಸಲ ಏನೂ ಆಗಿರುವುದಿಲ್ಲ. ನಿದ್ದೆ ಮಾಡುವಾಗ ಒಂದು ಕಾಲನ್ನು ಹೊಟ್ಟೆ ಪುಕ್ಕದೊಳಗೆ ಬೆಚ್ಚಗೆ ಇಟ್ಟುಕೊಂಡಿರುತ್ತವೆ. ನೀವು ಹತ್ತಿರ ಹೋದಾಗ ಸೋಮಾರಿತನಕ್ಕೆ ಇನ್ನೊಂದು ಕಾಲು ಇಳಿಸದೆ ಅದೇ ಕಾಲಲ್ಲಿ ಕುಪ್ಪಳಿಸಿ ಮುಂದೆ ಹೋಗುತ್ತವೆ. ಹತ್ತು ಹಕ್ಕಿ ಹಾಗೆ ಕುಪ್ಪಳಿಸಿದರೆ ಶಾಲೆಯ ಕುಂಟಾಬಿಲ್ಲೆ ಆಟದ ಹಾಗೇ ಇರುತ್ತದೆ. ಆದರೆ ಕಾಲಿಗೆ ತಂಗೂಸಿ (ಮೀನು ಹಿಡಿಯುವ ನೈಲಾನ್ ದಾರ) ಸುತ್ತಿಕೊಂಡು ನಿಜಕ್ಕೂ ಊದಿದ ಕಾಲಿನ ಹಕ್ಕಿಗಳೂ ಸಿಗುತ್ತವೆ. ಅವು ಮೇಯುವಾಗಲೂ ಕುಂಟುತ್ತವೆ. ಹಾರಬಲ್ಲ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಲು ಹೊರಟರೆ ಅದಕ್ಕೆ ಇನ್ನಷ್ಟು ಕಷ್ಟ. ಬಿಟ್ಟುಬಿಡಿ.

## ಸ್ವಲ್ಪ ಪರಿಚಯವಾದ ಮೇಲೆ

ಎಲ್ಲಾ ಒಂದೇ ಥರ ಬೂದು. ನೀವು ಹೇಗೆ ಗುರುತು ಹಿಡೀತೀರಿ?

ಬಣ್ಣ ಬಿಡಿ, ನಡಿಗೆ ನೋಡಿ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರನ್ನು ದೂರದಿಂದಲೇ ನಡಿಗೆಯಲ್ಲೇ ಗುರುತಿಸುತ್ತೇವಲ್ಲ, ಹಾಗೆ.

ಪ್ಲವರ್‌ಗಳಿಗೆ ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಕಣ್ಣಲ್ಲಿ ಕಂಡು ಹಿಡಿಯುವ ಬೇಟೆ. ನಾಲ್ಕು ಹೆಜ್ಜೆ ಓಡುತ್ತವೆ, ಬ್ರೇಕ್ ಹಾಕಿದಂತೆ ನಿಲ್ಲುತ್ತವೆ, ಒಂದು ಸಲ ಕುಟುಕುತ್ತವೆ. ಒಮ್ಮೊಮ್ಮೆ ಒಂದು ಪಾದವನ್ನು ಒದ್ದೆ ಮರಳಿನ ಮೇಲೆ ಗಡಗಡ ನಡುಗಿಸುತ್ತವೆ, ಹೊಲಿಗೆ ಮಿಷನ್ನಿನ ಸೂಜಿಯಷ್ಟು ವೇಗವಾಗಿ. ಒಳಗಿನ ಹುಳ ಗಾಬರಿಯಾಗಿ ಅಲುಗಿದರೆ ಮುಗಿಯಿತು. ಸ್ಯಾಂಡ್‌ಪೈಪರ್ ಜಾತಿಯವು ಹಾಗಲ್ಲ. ಅವು ತಲೆ ಬಗ್ಗಿಸಿ ನಡೆಯುತ್ತಲೇ ಕೊಕ್ಕನ್ನು ಕೆಸರಿನೊಳಗೆ ಚುಚ್ಚುತ್ತಿರುತ್ತವೆ. ಅವುಗಳ ಕೊಕ್ಕಿನ ತುದಿಯಲ್ಲಿ ನಮ್ಮ ಬೆರಳ ತುದಿಯಂತೆ ಸ್ಪರ್ಶಜ್ಞಾನವಿದೆ. ಕೆಲವು ಜಾತಿಗಳು ಇಡೀ ಬಾಯಿ ತೆರೆಯದೆ ಮೇಲಿನ ಕೊಕ್ಕಿನ ತುದಿಯನ್ನಷ್ಟೇ ಎತ್ತಿ ಹುಳ ಹಿಡಿಯುತ್ತವೆ.

ಸ್ಯಾಂಡರ್‌ಲಿಂಗ್ ಕಲಿಯುವುದು ಸುಲಭ. ಅಲೆ ಹಿಂದೆ ಸರಿದಾಗ ಅದರ ಹಿಂದೆಯೇ ಓಡುತ್ತದೆ, ಅಲೆ ಬಂದಾಗ ಅದರ ಮುಂದೆ ಓಡಿ ಬರುತ್ತದೆ, ಕಾಲು ಮಾತ್ರ ಅಷ್ಟೇನೂ ಒದ್ದೆಯಾಗುವುದಿಲ್ಲ. ಬೆಳ್ಳಗೆ, ಕಪ್ಪು ಕಾಲು, ಕಪ್ಪು ಕೊಕ್ಕು. ಅದರ ಹೆಜ್ಜೆ ಗುರುತು ಬಗ್ಗಿ ನೋಡಿ. ಮುಂದೆ ಮೂರೇ ಬೆರಳು, ಹಿಂದಿನ ಬೆರಳೇ ಇಲ್ಲ. ಬಂಡೆಗಳ ಹತ್ತಿರ ಒಂಟಿಯಾಗಿ ಹಿಂಬದಿ ಕುಣಿಸುತ್ತ ನಡೆಯುವುದು ಕಾಮನ್ ಸ್ಯಾಂಡ್‌ಪೈಪರ್. ಕೆಳಕ್ಕೆ ಬಾಗಿದ ಉದ್ದ ಕೊಕ್ಕು, ತಲೆ ಮೇಲೆ ಪಟ್ಟೆ ಇದ್ದರೆ ವಿಂಬ್ರೆಲ್. ಅದಕ್ಕಿಂತ ದೊಡ್ಡದು, ಕೊಕ್ಕು ಅತಿಯಾಯಿತು ಅನ್ನಿಸುವಷ್ಟು ಉದ್ದ, ತಲೆಯಲ್ಲಿ ಪಟ್ಟೆ ಇಲ್ಲ ಎಂದರೆ ಕರ್ಲ್ಯೂ.

ಕುತ್ತಿಗೆ ಸುತ್ತ ಬಿಳಿ ಪಟ್ಟಿ ಇದ್ದರೆ ಕೆಂಟಿಷ್ ಪ್ಲವರ್, ಇಲ್ಲದಿದ್ದರೆ ಸ್ಯಾಂಡ್ ಪ್ಲವರ್. ಸ್ಯಾಂಡ್ ಪ್ಲವರ್‌ನಲ್ಲಿ ಮತ್ತೆ ಸಣ್ಣದು, ದೊಡ್ಡದು ಎಂದು ಎರಡು. ಅದನ್ನು ಬೇರ್ಪಡಿಸುವುದಕ್ಕೆ ಹೋಗಿ ನಾನು ಎಷ್ಟೋ ಸಲ ಎಡವಿದ್ದೇನೆ. ಮೊದಲ ವರ್ಷ ಎರಡನ್ನೂ ಬರೀ ಸ್ಯಾಂಡ್ ಪ್ಲವರ್ ಎಂದು ಬರೆದುಕೊಳ್ಳಿ, ಯಾರೂ ಬೈಯುವುದಿಲ್ಲ.

ಇಷ್ಟು ಸಣ್ಣ ಹಕ್ಕಿ ನಿಜಕ್ಕೂ ವಿದೇಶದಿಂದ ಬರುತ್ತಾ?

ಕೆಲವು ಬರುತ್ತವೆ. ಸ್ಯಾಂಡರ್‌ಲಿಂಗ್ ಮರಿ ಮಾಡುವುದು ಉತ್ತರ ಧ್ರುವದ ಸುತ್ತಲಿನ ಹಿಮ ಬಯಲಿನಲ್ಲಿ. ನಮ್ಮಲ್ಲಿ ತುಂಬಾ ಕಾಣುವ ಸಣ್ಣ ಸ್ಯಾಂಡ್ ಪ್ಲವರ್‌ಗಳು ಮಾತ್ರ ಹಿಮಾಲಯದ ಆಚೆಯವು. ಲಡಾಖ್, ಟಿಬೆಟ್ ಕಡೆಯ 4,000 ಮೀಟರ್‌ಗೂ ಮೇಲಿನ ಪ್ರಸ್ಥಭೂಮಿಯಲ್ಲಿ ಗೂಡು. ಲೆಸ್ಸರ್ ಸ್ಯಾಂಡ್ ಪ್ಲವರ್ ಎಂಬ ಒಂದೇ ಜಾತಿಯನ್ನು ಈಗ ಎರಡು ಮಾಡಿದ್ದಾರೆ. ನಮ್ಮ ಕರಾವಳಿಯದ್ದಕ್ಕೆ ಟಿಬೆಟನ್ ಸ್ಯಾಂಡ್ ಪ್ಲವರ್ ಎಂದು ಹೆಸರು. ಮರಿ ಮಾಡಲು ಆಕಾಶದ ಹತ್ತಿರ, ಚಳಿ ಕಳೆಯಲು ಸಮುದ್ರ ಮಟ್ಟ. ನಡುವೆ ಇಡೀ ಹಿಮಾಲಯ.

ನನಗೆ ಇನ್ನೂ ಅರಗದ ವಿಷಯ ಬೇರೆ. ಇವುಗಳಲ್ಲಿ ಅನೇಕ ಜಾತಿಗಳಲ್ಲಿ ದೊಡ್ಡವು ಮೊದಲು ಹೊರಟುಬಿಡುತ್ತವೆ. ಮರಿಗಳು ವಾರಗಳ ನಂತರ, ದಾರಿ ತೋರಿಸುವವರಿಲ್ಲದೆ, ತಾವೇ ಬರುತ್ತವೆ. ಈ ಹಕ್ಕಿಗಳ ಬಳಗದ ಒಂದು ಬಾರ್ ಟೇಲ್ಡ್ ಗಾಡ್‌ವಿಟ್ 2022ರಲ್ಲಿ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲೂ ಇಳಿಯದೆ 13,560 ಕಿ.ಮೀ. ಹಾರಿತು. ಆಗ ಅದರ ವಯಸ್ಸು ಸುಮಾರು ಐದು ತಿಂಗಳು.

ನಮ್ಮ ಮೀನೆಲ್ಲಾ ಇವೇ ತಿಂದು ಖಾಲಿ ಮಾಡೋದಲ್ವಾ?

ಈ ಸಣ್ಣ ಹಕ್ಕಿಗಳು ಮೀನೇ ತಿನ್ನುವುದಿಲ್ಲ ಎನ್ನಬಹುದು. ಮರಳಿನೊಳಗಿನ ಹುಳ, ಸಣ್ಣ ಏಡಿ, ಚಿಪ್ಪಿನ ಮರಿ, ಮರಳು ನೊಣ ಇವುಗಳ ಊಟ. ಕಡಲಕಾಗೆಗಳು ಮೀನು ತಿನ್ನುತ್ತವೆ ನಿಜ. ಆದರೆ ದಡದಲ್ಲಿ ನಿಂತು ಕೈಯಲ್ಲೇ ಎಳೆಯುವ ಕೈರಂಪಣಿ ಬಲೆ ಎಳೆಯುವಾಗ ಅವು ಹೆಚ್ಚಾಗಿ ಹೆಕ್ಕುವುದು ಬಲೆಯಿಂದ ಹಾರಿಬಿದ್ದ, ಬುಟ್ಟಿಗೆ ಸೇರದ ಸಣ್ಣ ಮೀನು. ಬೂತಾಯಿ ಮೀನು ಕಡಿಮೆಯಾದ ವರ್ಷ ಹಕ್ಕಿಯನ್ನು ಬೈಯುವುದು ನಮಗೆ ಸುಲಭ, ಅದು ತಿರುಗಿ ಮಾತಾಡುವುದಿಲ್ಲ.

ಇಲ್ಲೇ ಮೊಟ್ಟೆ ಇಡುತ್ತವಾ?

ವಲಸೆ ಬಂದವು ಇಡುವುದಿಲ್ಲ. ಇಲ್ಲಿ ನೆಲದ ಮೇಲೆ ಮೊಟ್ಟೆ ಇಡುವುದು ಟಿಟ್ಟಿಭ. ಬೇಸಿಗೆಯಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಕಲ್ಲಿನ ಬಣ್ಣ, ಗೂಡೆಂದರೆ ಬರೀ ಒಂದು ತಗ್ಗು. ಟಿಟ್ಟಿಭ ದಂಪತಿಯ ಮೊಟ್ಟೆಯನ್ನು ಕಡಲು ಎಳೆದುಕೊಂಡು ಹೋದ ಹಳೇ ಕತೆ ಅಜ್ಜಿಯರ ಬಾಯಲ್ಲಿ ಕೇಳಿರುತ್ತೀರಿ. ಆ ಕತೆ ಕಟ್ಟಿದವರು ದಡದ ಗೂಡನ್ನು ಕಣ್ಣಾರೆ ಕಂಡಿರಬೇಕು ಎಂದು ನನ್ನ ಗುಮಾನಿ. ಈಗ ಕಡಲಿಗಿಂತ ಜೀಪಿನ ಚಕ್ರದ ಭಯ ಜಾಸ್ತಿ. ಎರಡು ಹಕ್ಕಿ ತಲೆ ಮೇಲೆ ಕೂಗುತ್ತ ಸುತ್ತಿದರೆ ನೀವು ಗೂಡಿನ ಹತ್ತಿರ ಇದ್ದೀರಿ ಎಂದರ್ಥ. ಹುಡುಕಬೇಡಿ. ಬಂದ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ವಾಪಸ್ ಹೋಗಿ. ಫೋಟೋ ತೆಗೆಯಲು ನಿಂತರೆ ಎರಡು ಕಷ್ಟ. ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಕಾಗೆ ನಿಮ್ಮನ್ನೇ ನೋಡಿಕೊಂಡು ಗೂಡು ಪತ್ತೆ ಮಾಡುತ್ತದೆ.

## ಹಕ್ಕಿಯೂ ನಾವೂ ಒಂದೇ ದಡದಲ್ಲಿ

ಹಾರೋದೇ ಅದರ ಕೆಲಸ ಅಲ್ವಾ? ಮಕ್ಕಳು ಒಂದ್ಸಲ ಓಡಿಸಿದ್ರೆ ಏನು ಗಂಟು ಹೋಗುತ್ತೆ?

ಒಂದು ಸಲಕ್ಕೆ ಏನೂ ಹೋಗುವುದಿಲ್ಲ. ಆದರೆ ಭಾನುವಾರ ಸಂಜೆ ನೀವೊಬ್ಬರೇ ಬಂದಿರುವುದಿಲ್ಲವಲ್ಲ. ಒಮ್ಮೆ ಉಬ್ಬರದ ಹೊತ್ತಿಗೆ ಕೂತು ಲೆಕ್ಕ ಹಾಕಿದೆ. ಎರಡು ಗಂಟೆಯಲ್ಲಿ ಗುಂಪು ಹದಿನೇಳು ಸಲ ಎದ್ದಿತು. ಮಕ್ಕಳಿಗೆ ನಾಲ್ಕು ಸಲ, ನಾಯಿಗೆ ಐದು, ಬೈಕಿಗೆ ಮೂರು, ಗಿಡುಗಕ್ಕೆ ಒಂದು, ಡ್ರೋನಿಗೆ ಎರಡು. ಉಳಿದ ಎರಡು ಸಲ ಫೋಟೋ ತೆಗೆಯುವವರಿಗೆ.

ಹಕ್ಕಿಯ ದಿನಚರಿ ಬಿಗಿಯಾದ್ದು. ಮೇಯಲು ಸಿಗುವುದು ಇಳಿತದ ಕೆಲವೇ ಗಂಟೆ. ಉಬ್ಬರದಲ್ಲಿ ನಿದ್ದೆ ಮಾಡಿ ತಿಂದದ್ದನ್ನು ಮೈಗೆ ಹತ್ತಿಸಿಕೊಳ್ಳಬೇಕು. ಆಗಲೇ ಪದೇ ಪದೇ ಎಬ್ಬಿಸಿದರೆ ಗಳಿಸಿದ್ದು ರೆಕ್ಕೆ ಬಡಿಯುವುದರಲ್ಲೇ ಖರ್ಚು. ಕೂಲಿ ಮಾಡಿ ಬಂದವರನ್ನು ಊಟಕ್ಕೂ ನಿದ್ದೆಗೂ ಬಿಡದೆ ಹತ್ತು ಹತ್ತು ನಿಮಿಷಕ್ಕೆ ಗುಡ್ಡ ಹತ್ತಿಸಿ ಇಳಿಸಿದ ಹಾಗೆ. ಮಾರ್ಚ್, ಏಪ್ರಿಲ್‌ನಲ್ಲಿ ಇದು ಇನ್ನೂ ದೊಡ್ಡ ಪೆಟ್ಟು. ಹೊರಡುವ ಮುಂಚೆ ಕೊಬ್ಬು ತುಂಬಿಕೊಳ್ಳಬೇಕು, ದೂರ ಹಾರುವ ಕೆಲವು ಜಾತಿಗಳು ಮೈತೂಕವನ್ನು ಹತ್ತಿರ ಹತ್ತಿರ ಎರಡು ಪಟ್ಟು ಮಾಡಿಕೊಳ್ಳುತ್ತವೆ. ಸಾಲದಿದ್ದರೆ ದಾರಿಯಲ್ಲೇ ಮುಗಿಯಿತು, ಅದು ನಮಗೆ ಕಾಣುವುದೂ ಇಲ್ಲ.

ನಾನೇನೂ ಸಾಚಾ ಅಲ್ಲ. ಶುರುವಿನ ವರ್ಷ ಒಂದು ಆಯ್ಸ್ಟರ್‌ಕ್ಯಾಚರ್‌ನ ಕೆಂಪು ಕೊಕ್ಕು ಚೆನ್ನಾಗಿ ಬರಲಿ ಎಂದು ಹೊಟ್ಟೆ ಮೇಲೆ ತೆವಳಿ ಹೋಗಿ, ಕೊನೆಗೆ ಸುಮ್ನಿರಲಾರದೆ ಎದ್ದು ನಿಂತೆ. ದಿಬ್ಬದ ಮೇಲಿದ್ದ ನಾನೂರು ಹಕ್ಕಿಯೂ ಎದ್ದವು. ಉಬ್ಬರ ತುಂಬಿತ್ತು, ಇಳಿಯಲು ಬೇರೆ ಜಾಗ ಇರಲಿಲ್ಲ. ಹದಿನೈದು ನಿಮಿಷ ಅಳಿವೆಯ ಮೇಲೆ ಸುತ್ತುತ್ತಲೇ ಇದ್ದವು. ಬಂದ ಫೋಟೋ ಕೂಡ ಮಬ್ಬು.

ಹಾಗಾದ್ರೆ ಎಷ್ಟು ಹತ್ತಿರ ಹೋಗಬಹುದು? ಒಂದು ಲೆಕ್ಕ ಹೇಳಿ.

ಮೀಟರ್ ಲೆಕ್ಕ ಹೇಳಿದರೆ ತಪ್ಪಾಗುತ್ತದೆ. ಕರ್ಲ್ಯೂ ನೂರು ಮೀಟರ್‌ನಲ್ಲೇ ಎದ್ದು ಹೋಗಬಹುದು, ಸ್ಯಾಂಡರ್‌ಲಿಂಗ್ ಹತ್ತು ಮೀಟರ್‌ಗೂ ಕ್ಯಾರೇ ಅನ್ನದಿರಬಹುದು. ಹಕ್ಕಿಯೇ ಹೇಳುತ್ತದೆ, ಅದನ್ನು ನೋಡಿ. ಮೇಯುವುದು ನಿಲ್ಲಿಸಿತಾ? ಮಲಗಿದ್ದವು ತಲೆ ಎತ್ತಿದವಾ? ಕುತ್ತಿಗೆ ಉದ್ದ ಮಾಡಿ ತಲೆಯನ್ನು ಬಿಕ್ಕಿದಂತೆ ಮೇಲೆ ಕೆಳಗೆ ಆಡಿಸಿತಾ? ಎಲ್ಲವೂ ನಿಮಗೆ ಬೆನ್ನು ಹಾಕಿ ನಡೆಯತೊಡಗಿದವಾ? ಇಷ್ಟರಲ್ಲಿ ಒಂದು ಕಂಡರೂ ನೀವು ಆಗಲೇ ಹತ್ತಿರವಾಗಿದ್ದೀರಿ. ನಿಲ್ಲಿ, ಕೂತುಬಿಡಿ, ಇಲ್ಲವೇ ಎರಡು ಹೆಜ್ಜೆ ಹಿಂದೆ ಬನ್ನಿ. ನಡೆದು ಹೋಗಲೇಬೇಕಿದ್ದರೆ ಒಣ ಮರಳಿನ ಮೇಲ್ಬದಿಯಿಂದ ಸುತ್ತು ಹಾಕಿ, ಗುಂಪಿನ ನೇರಕ್ಕೆ ನಡೆಯಬೇಡಿ. ಮಕ್ಕಳಿಗೆ "ಓಡಿಸಬೇಡ" ಅಂದರೆ ಕೇಳುವುದಿಲ್ಲ. "ಒಂದೂ ಏಳದ ಹಾಗೆ ಎಷ್ಟು ಹತ್ತಿರ ಹೋಗ್ತೀಯ ನೋಡೋಣ" ಅನ್ನಿ, ಬೆಕ್ಕಿನ ಹಾಗೆ ಹೋಗುತ್ತಾರೆ.

ಕಡಲಕಾಗೆಗೆ ಖಾರದ ತಿಂಡಿ, ಬಿಸ್ಕೆಟ್ ಹಾಕಿದ್ರೆ ತಲೆ ಮೇಲೇ ಬರ್ತಾವೆ. ಹಾಕಬಹುದಾ?

ಬೇಡ. ರೀಲ್ಸ್ ಚೆನ್ನಾಗಿ ಬರುತ್ತದೆ, ಅಷ್ಟೇ ಲಾಭ. ಉಪ್ಪು, ಎಣ್ಣೆ, ಹಿಟ್ಟು ಅದರ ಊಟವಲ್ಲ. ಉಳಿದದ್ದಕ್ಕೆ ಕಾಗೆ, ನಾಯಿ ಸೇರುತ್ತವೆ, ಅವು ಸೇರಿದ ಕಡೆ ಸಣ್ಣ ಹಕ್ಕಿಗಳಿಗೆ ಉಳಿಗಾಲವಿಲ್ಲ.

ದಡದ ನಾಯಿಗಳನ್ನು ಏನು ಮಾಡೋದು? ಕೊಲ್ಲೋಕಾಗುತ್ತಾ?

ಕೊಲ್ಲುವ ಮಾತೇ ಬೇಡ, ಅದು ಕಾನೂನಿಗೂ ವಿರುದ್ಧ. ಬೀದಿ ನಾಯಿಗಳ ಸಂತಾನಹರಣ, ಲಸಿಕೆ ಪಂಚಾಯತ್ ಕೆಲಸ, ಬಿಡದೆ ಕೇಳುತ್ತಲೇ ಇರಬೇಕು. ನಮ್ಮ ಕೈಲಿರುವುದು ಎರಡು. ಮೀನಿನ ಕಸ, ಕೋಳಿ ಅಂಗಡಿ ಕಸ ಅಳಿವೆ ಬದಿಗೆ ಬಂದು ಬೀಳದಂತೆ ನೋಡಿಕೊಳ್ಳುವುದು. ಸಾಕುನಾಯಿಗೆ ಹಗ್ಗ ಹಾಕಿ ತರುವುದು. "ನಮ್ಮ ಟಾಮಿ ಏನೂ ಮಾಡಲ್ಲ" ಅನ್ನುತ್ತಾರೆ. ಟಾಮಿ ಏನೂ ಮಾಡುವುದಿಲ್ಲ ಎಂದು ನಿಮಗೆ ಗೊತ್ತು, ಪ್ಲವರ್‌ಗೆ ಗೊತ್ತಿಲ್ಲ.

ನಾವು ತಿಂಗಳಿಗೊಮ್ಮೆ ಬೀಚ್ ಕ್ಲೀನ್ ಮಾಡ್ತೇವೆ. ಅದರಿಂದ ಹಕ್ಕಿಗೆ ಒಳ್ಳೆಯದೇ ತಾನೆ?

ಪ್ಲಾಸ್ಟಿಕ್, ಬಾಟಲಿ, ಥರ್ಮೋಕೋಲ್, ಅದಕ್ಕಿಂತ ಮುಖ್ಯವಾಗಿ ಹರಿದ ಬಲೆ ಮತ್ತು ತಂಗೂಸಿ ಹೆಕ್ಕಿದರೆ ಖಂಡಿತ ಒಳ್ಳೆಯದು. ಆದರೆ ಅಲೆ ತಂದು ಹಾಕಿದ ಕಡಲ ಪಾಚಿ, ಎಲೆ, ಕಡ್ಡಿ, ಚಿಪ್ಪಿನ ಸಾಲನ್ನು ಬಾಚಿ ಒಯ್ಯಬೇಡಿ. ನಮಗದು ಕಸ. ಅದರ ಅಡಿಯಲ್ಲಿ ಮರಳು ನೊಣ, ಸೀಗಡಿಯಂಥ ಸಣ್ಣ ಜೀವಿಗಳು ತುಂಬಿರುತ್ತವೆ. ಒಂದು ಹಿಡಿ ಪಾಚಿ ಎತ್ತಿ ನೋಡಿ, ಚಟಪಟ ಹಾರುತ್ತವೆ. ಯಂತ್ರದಲ್ಲಿ ಜರಡಿ ಹಿಡಿದು ಮೈದಾ ಹಿಟ್ಟಿನಂತೆ ಮಾಡಿದ ಮರಳು ಫೋಟೋಗೆ ಚೆಂದ, ಹಕ್ಕಿಗೆ ಖಾಲಿ ತಟ್ಟೆ. ಅಡುಂಬು ಬಳ್ಳಿಯನ್ನೂ ಕೀಳಬೇಡಿ, ಮರಳು ಹಿಡಿದಿಟ್ಟುಕೊಳ್ಳುವುದು ಅದೇ. ಕ್ಲೀನಿಂಗ್‌ಗೆ ಇಳಿತದ ಹೊತ್ತು ಆರಿಸಿಕೊಳ್ಳಿ. ಆಗ ಹಕ್ಕಿಗಳು ದೂರ ಮೇಯುತ್ತಿರುತ್ತವೆ, ದಿಬ್ಬ ಖಾಲಿ ಇರುತ್ತದೆ.

ಮಳೆಗಾಲದಲ್ಲಿ ಬಾತುಕೋಳಿಯಷ್ಟು ದೊಡ್ಡ ಹಕ್ಕಿ ದಡದಲ್ಲಿ ಬಿದ್ದಿತ್ತು. ನೀರಿಗೆ ಬಿಟ್ಟರೆ ಅಲೆ ವಾಪಸ್ ತಂದು ಹಾಕಿತು. ಏನು ಮಾಡಬೇಕಿತ್ತು?

ಅದು ನಡುಗಡಲ ಹಕ್ಕಿ. ಬೂಬಿ, ಶಿಯರ್‌ವಾಟರ್, ಸೂಟಿ ಟರ್ನ್ ಥರದವು ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಗೆ ಸಿಕ್ಕಿ, ದಿನಗಟ್ಟಲೆ ಊಟವಿಲ್ಲದೆ ನಮ್ಮ ದಡಕ್ಕೆ ಬಂದು ಬೀಳುತ್ತವೆ. ನೀರಿಗೆ ಎಸೆಯಬೇಡಿ, ಈಜುವ ತ್ರಾಣ ಇದ್ದಿದ್ದರೆ ಅದು ಬರುತ್ತಲೇ ಇರಲಿಲ್ಲ. ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡು, ಕೊಕ್ಕು ನಿಮ್ಮ ಕಣ್ಣಿಗೆ ತಾಗದ ಹಾಗೆ ಎತ್ತಿ. ಬೂಬಿಯ ಕೊಕ್ಕು ಕತ್ತಿ ಇದ್ದ ಹಾಗೆ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆ ಮಾಡಿ ಇಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಸತ್ತ ಹಕ್ಕಿಯಾದರೆ ಬರಿಗೈಯಲ್ಲಿ ಮುಟ್ಟಬೇಡಿ. ಒಂದೇ ಕಡೆ ತುಂಬಾ ಸತ್ತಿದ್ದರೆ ಪಶುವೈದ್ಯ ಇಲಾಖೆಗೂ ತಿಳಿಸಿ, ಹಕ್ಕಿಜ್ವರ ಇರಬಹುದು.

## ಲೆಕ್ಕ, ಕಾನೂನು ಮತ್ತು ಜಗಳ

ಸಾವಿರಾರು ಹಕ್ಕಿ ಒಟ್ಟಿಗೆ ಇದ್ದಾಗ ಹೇಗೆ ಎಣಿಸ್ತೀರಿ?

ಮೊದಲು ಹತ್ತು ಎಣಿಸಿ. ಆ ಹತ್ತು ದುರ್ಬೀನಿನಲ್ಲಿ ಎಷ್ಟು ಜಾಗ ಹಿಡಿಯಿತು ಎಂದು ಕಣ್ಣಿಗೆ ಹಿಡಿಸಿಕೊಳ್ಳಿ. ಅಂಥ ಹತ್ತು ತುಂಡು ನೂರು. ನೂರರ ತುಂಡಿನಿಂದ ಗುಂಪನ್ನು ಅಳೆಯುತ್ತ ಹೋಗಿ. ಮದುವೆ ಊಟದ ಪಂಕ್ತಿ ಎಣಿಸುವ ಲೆಕ್ಕವೇ ಇದು. ಹೊಸಬರು ಸಾಮಾನ್ಯವಾಗಿ ಕಡಿಮೆ ಹೇಳುತ್ತಾರೆ. ಗುಂಪಿನ ಫೋಟೋ ತೆಗೆದು ಮನೆಯಲ್ಲಿ ಚುಕ್ಕಿ ಇಟ್ಟು ಎಣಿಸಿ, ದಡದಲ್ಲಿ ಹೇಳಿದ್ದಕ್ಕೆ ಹೋಲಿಸಿ. ನಾಲ್ಕೈದು ಸಲಕ್ಕೆ ಕಣ್ಣು ಪಳಗುತ್ತದೆ.

ಎಣಿಸಿದ್ದನ್ನು ಡೈರಿಯಲ್ಲೇ ಬಿಡಬೇಡಿ, ಯಾರು ಬೇಕಾದರೂ ಹಕ್ಕಿ ಲೆಕ್ಕ ಸೇರಿಸಬಹುದಾದ ಇ-ಬರ್ಡ್ ಎಂಬ ಜಾಲತಾಣಕ್ಕೆ ಹಾಕಿ. ಒಂದೇ ಜಾಗ, ಒಂದೇ ಥರದ ಉಬ್ಬರ, ತಿಂಗಳಿಗೆರಡು ಸಲ. ಇಷ್ಟು ಮಾಡಿದರೆ ಅಪರೂಪದ ಹಕ್ಕಿಯ ನೂರು ಫೋಟೋಗಿಂತ ಬೆಲೆ ಜಾಸ್ತಿ. ಏನೂ ಕಾಣದ ದಿನವನ್ನೂ ಬರೆಯಿರಿ. 1987ರಿಂದ ಪ್ರತಿ ಜನವರಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿ, ಫೆಬ್ರವರಿಯ ನಾಲ್ಕು ದಿನದ ಹಿತ್ತಲ ಹಕ್ಕಿ ಎಣಿಕೆ, ಎರಡಕ್ಕೂ ಕರಾವಳಿಯಿಂದ ಜನ ಬೇಕು.

ಹಕ್ಕಿ ಕಾಲಿಗೆ ಬಣ್ಣದ ಪಟ್ಟಿ ಇತ್ತು. ಯಾರಾದ್ರೂ ಸಾಕಿದ್ದಾ? ಬೇಹುಗಾರಿಕೆನಾ?

ಎರಡೂ ಅಲ್ಲ. ಸಂಶೋಧಕರು ಹಿಡಿದು, ಉಂಗುರ ಮತ್ತು ಬಣ್ಣದ ಪಟ್ಟಿ ತೊಡಿಸಿ ಬಿಟ್ಟದ್ದು. ಯಾವ ದೇಶದಲ್ಲಿ, ಯಾವಾಗ ಹಾಕಿದ್ದು ಎಂಬುದು ಬಣ್ಣ ಮತ್ತು ಅಕ್ಷರದಿಂದ ಸಿಗುತ್ತದೆ. ಯಾವ ಕಾಲು, ಮಂಡಿಯಂತೆ ಕಾಣುವ ಗಂಟಿನ ಮೇಲೋ ಕೆಳಗೋ, ಪಟ್ಟಿ ಯಾವ ಬಣ್ಣ, ಮೇಲಿನಿಂದ ಕೆಳಕ್ಕೆ ಯಾವ ಕ್ರಮ, ಅಕ್ಷರ ಏನು, ಇಷ್ಟನ್ನು ಬರೆದುಕೊಳ್ಳಿ. ಮಬ್ಬು ಫೋಟೋ ಆದರೂ ತೆಗೆಯಿರಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರೆ ಮುಂದಿನದು ಅವರು ನೋಡಿಕೊಳ್ಳುತ್ತಾರೆ. ಅಕ್ಷರ ಓದಲು ಹೋಗಿ ಹಕ್ಕಿ ಎಬ್ಬಿಸಬೇಡಿ. ನಾಳೆಯೂ ಅದು ಅದೇ ದಿಬ್ಬಕ್ಕೆ ಬರುವ ಸಂಭವ ಜಾಸ್ತಿ.

ನಿಜಕ್ಕೂ ಕಡಿಮೆಯಾಗ್ತಾ ಇವೆಯಾ? ನನಗೇನೋ ತುಂಬಾ ಕಾಣ್ತಾವೆ.

ತುಂಬಾ ಕಾಣುವುದು ಕಡಲಕಾಗೆ. ಸಣ್ಣವುಗಳ ಕತೆ ಬೇರೆ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ನೋಡಿ, 178 ಜಾತಿಗಳಿಗೆ ತುರ್ತು ಗಮನ ಬೇಕು ಎಂದಿತು. ಇಳಿಮುಖವಾದ ಗುಂಪುಗಳಲ್ಲಿ ವಲಸೆ ಬರುವ ದಡದ ಹಕ್ಕಿಗಳೂ ಇವೆ. 2024ರಲ್ಲಿ ಅಳಿವಿನ ಅಪಾಯ ಅಳೆಯುವ ಜಾಗತಿಕ ಕೆಂಪು ಪಟ್ಟಿಯಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್, ಗ್ರೇ ಪ್ಲವರ್ ಎರಡನ್ನೂ ಅಪಾಯದ ಹಂತಕ್ಕೆ ಏರಿಸಿದರು. ಎರಡೂ ನಮ್ಮ ಅಳಿವೆಗಳಿಗೆ ಬರುವ ಹಕ್ಕಿಗಳೇ. ಇವುಗಳ ನೆಂಟ ಸ್ಲೆಂಡರ್ ಬಿಲ್ಡ್ ಕರ್ಲ್ಯೂ ಕೊನೆಯದಾಗಿ ಖಚಿತವಾಗಿ ಕಂಡದ್ದು 1995ರಲ್ಲಿ, ಮೊರಾಕ್ಕೊದಲ್ಲಿ. 2025ರಲ್ಲಿ ಅದು ಅಳಿದುಹೋಯಿತು ಎಂದು ಘೋಷಿಸಿದರು.

ಕಾರಣ ಒಂದೇ ಊರಿನಲ್ಲಿಲ್ಲ. ಗೂಡಿನ ನೆಲ ಬಿಸಿಯಾಗುತ್ತಿದೆ, ದಾರಿಯ ಕೆಸರು ಬಯಲುಗಳನ್ನು ಮಣ್ಣು ಹಾಕಿ ತುಂಬುತ್ತಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಚಳಿಗಾಲದ ಮನೆ. ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಆದರೆ ಹಕ್ಕಿಗೆ ಬೇಕಾದ ಅಳಿವೆ, ಕೋಡಿ (ನೀರಿಗೆ ಚಾಚಿದ ಮರಳಿನ ತುದಿ), ಕೆಸರು ಬಯಲು ಅದರಲ್ಲಿ ಬೆರಳೆಣಿಕೆಯಷ್ಟು. ಕಡಲ್ಕೊರೆತಕ್ಕೆ ಕಲ್ಲು ಸುರಿದ ಕಡೆ ದಡವೇ ಉಳಿಯುವುದಿಲ್ಲ. ಅಲೆ ಕಲ್ಲಿಗೆ ಬಡಿಯುತ್ತದೆ, ನಡುವೆ ಒಂದು ಗೇಣು ಒದ್ದೆ ಮರಳೂ ಇರುವುದಿಲ್ಲ.

ಕಾನೂನು ಏನು ಹೇಳುತ್ತೆ? ದೂರು ಯಾರಿಗೆ ಕೊಡೋದು?

ಹಕ್ಕಿ ಹಿಡಿಯುವುದು, ಕೊಲ್ಲುವುದು, ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದಕ್ಕೆ ಅರಣ್ಯ ಇಲಾಖೆ. ಜಾಗದ ವಿಷಯಕ್ಕೆ ಸಿಆರ್‌ಜೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. ಹಕ್ಕಿ ಗೂಡು ಕಟ್ಟುವ ನೆಲೆ, ಆಮೆ ಮೊಟ್ಟೆ ಇಡುವ ದಡ, ಮರಳು ದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಜೀವಿಗಳಿರುವ ಕೆಸರು ಬಯಲು ಎಲ್ಲವೂ ಅದರಲ್ಲಿ ಅತಿ ಬಿಗಿಯಾದ ವರ್ಗಕ್ಕೆ ಬರುತ್ತವೆ. ಉಲ್ಲಂಘನೆ ಕಂಡರೆ ಪ್ರಾದೇಶಿಕ ನಿರ್ದೇಶಕರು, ಪರಿಸರ ಎಂಬ ಕಚೇರಿಗೂ ಜಿಲ್ಲಾಧಿಕಾರಿಗೂ ಬರೆದು ಕೊಡಿ. ಸರ್ವೆ ನಂಬರು, ದಿನಾಂಕ, ಫೋಟೋ, ಜೊತೆಗೆ ನಿಮ್ಮ ಎಣಿಕೆ ಪಟ್ಟಿ ಇರಲಿ. ಒಮ್ಮೆ ನಾವು ಕೊಟ್ಟ ಅರ್ಜಿಗೆ "ಸದರಿ ಜಾಗದಲ್ಲಿ ಹಕ್ಕಿಗಳು ಕಂಡುಬಂದಿಲ್ಲ" ಎಂದು ಉತ್ತರ ಬಂತು. ಅವರು ನೋಡಲು ಬಂದದ್ದು ಮೇ ತಿಂಗಳ ಕೊನೆಗೆ, ನಡು ಮಧ್ಯಾಹ್ನ. ಮೂರು ವರ್ಷದ ಎಣಿಕೆ ಲಗತ್ತಿಸಿ ಮತ್ತೆ ಕೊಟ್ಟ ಮೇಲೆ ಮಾತಿನ ಧಾಟಿ ಬದಲಾಯಿತು.

ಜನರಿಗೆ ಗೊತ್ತಿಲ್ಲದ ಇನ್ನೊಂದು ದಾರಿ ಇದೆ. ಪ್ರತಿ ಗ್ರಾಮ ಪಂಚಾಯತ್‌ನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. 2002ರ ಕಾಯ್ದೆ ಅದು. ಆ ದಾಖಲೆಯಲ್ಲಿ ನಿಮ್ಮ ದಡದ ಹಕ್ಕಿಗಳು ಸೇರಿವೆಯೇ ಎಂದು ಹೋಗಿ ಕೇಳಿ. ಇಲ್ಲದಿದ್ದರೆ ಸೇರಿಸಿ. ಮುಂದೊಂದು ದಿನ ರೆಸಾರ್ಟ್ ಬಂದಾಗ ತೋರಿಸಲು ಒಂದು ಕಾಗದ ಇರುತ್ತದೆ.

ಸಂರಕ್ಷಣೆ ಅಂದ್ರೆ ಕೊನೆಗೆ ಮೀನುಗಾರರನ್ನು ದಡದಿಂದ ಓಡಿಸೋದೇ ಅಲ್ವಾ?

ಈ ಭಯಕ್ಕೆ ಕಾರಣವಿದೆ, ತಳ್ಳಿಹಾಕುವುದಿಲ್ಲ. 2024ರಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಚಿಪ್ಪು ಹೆಕ್ಕಿ, ಮೀನು ಹಿಡಿದು ಬದುಕುವವರು ಸಾವಿರಾರು ಜನ. ಅಳಿವೆ ಇಷ್ಟು ಚೆನ್ನಾಗಿ ಉಳಿದಿರುವುದರಲ್ಲಿ ಅವರ ಪಾಲೂ ಇದೆ. ಅವರನ್ನು ಬಿಟ್ಟು ಹಕ್ಕಿ ಉಳಿಸುತ್ತೇವೆ ಎನ್ನುವುದು ನನಗೆ ಅರ್ಥವಾಗದ ಮಾತು.

ದಡದಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. ಬಲೆ ಎಳೆಯುವ ಇಪ್ಪತ್ತು ಜನ ಗುಂಪಿನ ಪಕ್ಕದಲ್ಲೇ ಹಾದು ಹೋದರೂ ಪ್ಲವರ್‌ಗಳು ನಾಲ್ಕು ಹೆಜ್ಜೆ ಸರಿಯುತ್ತವೆ, ಅಷ್ಟೆ. ದಿನವೂ ಅದೇ ದಾರಿ, ಅದೇ ನಡಿಗೆ, ಹಕ್ಕಿಯ ಕಡೆ ಯಾರೂ ನೋಡುವುದೂ ಇಲ್ಲ. ಎಬ್ಬಿಸುವುದು ಎಲ್ಲಿಂದಲೋ ಬಂದು ಎತ್ತಲೋ ಓಡುವವರು, ಮರಳಿನ ಮೇಲೆ ಜೀಪು ತಿರುಗಿಸುವವರು. ನಮಗೆ ಬೇಕಿರುವುದು ಅಳಿವೆ ಬಾಯಿಯ ತುದಿ, ಅದೂ ಉಬ್ಬರದ ಮೂರ್ನಾಲ್ಕು ಗಂಟೆ. ಉಳಿದ ದಡವೆಲ್ಲ ಎಲ್ಲರದು.

ಹೋದ ಮಳೆಗಾಲದ ನಂತರ ದಿಬ್ಬ ಹುಡುಕಿಕೊಂಡು ಎರಡು ಭಾನುವಾರ ಸುಮ್ನೆ ಅಲೆದೆ. ಹಕ್ಕಿ ಇರಲಿ, ದಿಬ್ಬವೇ ಇರಲಿಲ್ಲ. ಮೂರನೇ ವಾರ ಕೈರಂಪಣಿಯ ಹಿರಿಯರೊಬ್ಬರು ಹಗ್ಗ ಸುತ್ತುತ್ತ ಕರೆದರು. "ಎಂಥ ಮಾರಾಯ್ರೆ, ಅಲ್ಲಿ ಎಂಥ ಹುಡುಕ್ತೀರಿ? ಅಳಿವೆ ತಿರುಗಿದೆ. ನಿಮ್ಮ ಹಕ್ಕಿಗಳು ಈ ಸಲ ತೆಂಕು ಬದಿಗೆ ಕೂತ್ಕೊಳ್ತಾವೆ. ನಮ್ಮ ಹುಡುಗರಿಗೆ ಬೈಕ್ ಆಚೆ ನಿಲ್ಲಿಸ್ಲಿಕ್ಕೆ ಹೇಳಿದ್ದೇನೆ."